ಅರಣ್ಯದ್ದೋ ಮಾಲಿನ್ಯದ್ದೋ ನೋಟಿಸ್ ಬಂತಾ? ಮೊದಲು ಲಕೋಟೆ ಎತ್ತಿಡಿ

ನನ್ನ ಅಂಗಡಿಗೆ ಬೋರ್ಡಿಲ್ಲ. ತಾಲ್ಲೂಕು ಕಚೇರಿ ಎದುರು, ಜೆರಾಕ್ಸ್ ಅಂಗಡಿಯ ಮಾಡಿನ ಕೆಳಗೆ ಒಂದು ಮೇಜು, ಒಂದು ಕಂಪ್ಯೂಟರ್, ಮಳೆ ಬಂದರೆ ಮುಚ್ಚೋಕೆ ಒಂದು ಪ್ಲಾಸ್ಟಿಕ್ ಹಾಳೆ. ಹತ್ತೊಂಬತ್ತು ವರ್ಷದಿಂದ ಅಲ್ಲೇ ಕೂತು ಅರ್ಜಿ ಬರೆಯುತ್ತಿದ್ದೇನೆ. ಪೋಡಿ, ಪಹಣಿ ತಿದ್ದುಪಡಿ, ವಿಧವಾ ವೇತನ, ಏನು ಬೇಕಾದರೂ. ನಾನು ವಕೀಲೆ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಊರು ಮಲೆನಾಡಿನದು. ವಾರಕ್ಕೆ ಒಬ್ಬರಾದರೂ ಅರಣ್ಯದ ನೋಟಿಸ್ ಹಿಡಿದುಕೊಂಡು ಬರುತ್ತಾರೆ. ಈಚೆಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾಗದಗಳೂ ಜಾಸ್ತಿ ಬರುತ್ತಿವೆ.

ಬಂದವರು ಕೇಳುವುದು ಒಂದೇ ಮಾತು: "ಅಕ್ಕಾ, ದಂಡ ಎಷ್ಟು ಬೀಳಬಹುದು?"

ನಾನು ಕೇಳುವುದೂ ಒಂದೇ: "ಲಕೋಟೆ ಎಲ್ಲಿ?"

ಹತ್ತರಲ್ಲಿ ಒಂಬತ್ತು ಜನ ಲಕೋಟೆ ಬಿಸಾಡಿ ಕಾಗದ ಮಾತ್ರ ತಂದಿರುತ್ತಾರೆ. ಕಾಗದದ ಮೇಲಿರುವುದು ಕಚೇರಿಯವರು ಟೈಪ್ ಮಾಡಿದ ತಾರೀಕು. ಅದು ನಿಮ್ಮ ಕೈಗೆ ಬಂದದ್ದು ಯಾವತ್ತು ಅಂತ ಹೇಳುವುದು ಲಕೋಟೆ ಮೇಲಿನ ಅಂಚೆ ಮುದ್ರೆ. ಈ ಎರಡರ ನಡುವೆ ಹದಿನೆಂಟು ದಿನ ಅಂತರ ಇದ್ದದ್ದನ್ನು ನಾನೇ ನೋಡಿದ್ದೇನೆ. ಉತ್ತರ ಕೊಡಲು ಇಷ್ಟು ದಿನ, ಮೇಲ್ಮನವಿಗೆ ಇಷ್ಟು ದಿನ, ದಂಡ ಕಟ್ಟಲು ಇಷ್ಟು ದಿನ ಅಂತ ಎಲ್ಲವೂ ದಿನದ ಲೆಕ್ಕ. ಕೆಲವು ದಂಡಗಳು ಬೆಳೆಯುವುದೂ ದಿನಕ್ಕಿಷ್ಟು ಅಂತಲೇ. ಹಾಗಾಗಿ ನೋಟಿಸ್ ಬಂದ ಕೂಡಲೇ ಲಕೋಟೆಯನ್ನು ಅದಕ್ಕೇ ಪಿನ್ ಮಾಡಿ, ಮೂಲೆಯಲ್ಲಿ ಪೆನ್ನಿನಿಂದ "ತಲುಪಿದ ದಿನ" ಅಂತ ಬರೆದಿಡಿ. ಗಾರ್ಡು ಮನೆಗೇ ತಂದು ಕೊಟ್ಟರೆ, ಅವರ ಪುಸ್ತಕದಲ್ಲಿ ನೀವು ಸಹಿ ಹಾಕುವ ಜಾಗದ ಪಕ್ಕದಲ್ಲೇ ತಾರೀಕನ್ನೂ ಹಾಕಿ.

ಯಾವ ದುಡ್ಡು ಕೇಳುತ್ತಿದ್ದಾರೆ ಅಂತ ನೋಡಿ

ಎಲ್ಲವನ್ನೂ ನಾವು ದಂಡ ಅಂತಲೇ ಕರೆಯುತ್ತೇವೆ. ಅದರಲ್ಲಿ ನಾಲ್ಕು ಥರ ಇದೆ, ಒಂದೊಂದರ ದಾರಿ ಒಂದೊಂದು. ಕೋರ್ಟು ತಪ್ಪಿತಸ್ಥ ಅಂತ ತೀರ್ಮಾನಿಸಿ ಹಾಕುವುದು ಜುಲ್ಮಾನೆ. ಕೇಸು ಕೋರ್ಟಿಗೆ ಹೋಗುವ ಮುಂಚೆ ಅರಣ್ಯ ಇಲಾಖೆಯಲ್ಲಿ ಕಟ್ಟಿ ಮುಗಿಸಿಕೊಳ್ಳುವುದು ರಾಜಿ ಹಣ. ಕೋರ್ಟಿಲ್ಲದೆ, ಜೈಲಿನ ಮಾತಿಲ್ಲದೆ, ಒಬ್ಬ ಅಧಿಕಾರಿ ವಿಚಾರಣೆ ಮಾಡಿ ವಿಧಿಸುವುದು ನಿಜವಾದ ಅರ್ಥದ ಸಿವಿಲ್ ದಂಡ. ಪರಿಸರಕ್ಕೆ ಆದ ಹಾನಿಗೆ ಅಂತ ಲೆಕ್ಕ ಹಾಕಿ ಕೇಳುವುದು ಪರಿಹಾರ.

ನೋಟಿಸ್‌ನಲ್ಲಿ "ಕಲಂ" ಅಂತ ಇರುವ ಸಾಲನ್ನು ಹುಡುಕಿ. ಕರ್ನಾಟಕ ಅರಣ್ಯ ಕಾಯಿದೆ 1963 ಅಂತಿದ್ದರೆ ಒಂದು ದಾರಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ 1976 ಅಂತಿದ್ದರೆ ಇನ್ನೊಂದು. ಪರಿಸರ (ಸಂರಕ್ಷಣೆ) ಕಾಯಿದೆ 1986, ವಾಯು ಕಾಯಿದೆ 1981 ಅಂತಿದ್ದರೆ ಮತ್ತೊಂದು. ಕಾಯಿದೆಯ ಹೆಸರೇ ಇಲ್ಲದ ನೋಟಿಸ್‌ಗಳೂ ಬರುತ್ತವೆ. ಆಗ ಉತ್ತರದ ಮೊದಲ ಸಾಲಿನಲ್ಲೇ "ಯಾವ ಕಾಯಿದೆಯ ಯಾವ ಕಲಂ ಪ್ರಕಾರ ಈ ನೋಟಿಸ್ ಕೊಟ್ಟಿದ್ದೀರಿ ಎಂದು ತಿಳಿಸಿ" ಅಂತ ಬರೆಯಿರಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮಹಜರು ಓದದೆ ಸಹಿ ಹಾಕಬೇಡಿ

ಇದನ್ನು ಬೇರೆಯವರ ಕಥೆಯಿಂದ ಕಲಿತದ್ದಲ್ಲ. ನಮ್ಮ ಮನೆಯದ್ದೇ.

ಮಾವ ಕೊಟ್ಟಿಗೆ ಕಟ್ಟಿಸಲು ಬೇಲಿ ಹತ್ತಿರದ ಎರಡು ಮತ್ತಿ ಮರ ಕಡಿಸಿದರು. ಅನುಮತಿ ತೆಗೆದುಕೊಂಡಿರಲಿಲ್ಲ, ಅದು ನಮ್ಮದೇ ತಪ್ಪು. ಮೂರನೇ ದಿನ ಗಾರ್ಡು, ಜೊತೆಗೆ ಇನ್ನಿಬ್ಬರು ಬಂದು ಬುಡ ಅಳೆದರು, ದಿಮ್ಮಿಗಳ ಮೇಲೆ ಸುತ್ತಿಗೆ ಗುರುತು ಹಾಕಿದರು, ಜಗಲಿಯಲ್ಲೇ ಕೂತು ಮಹಜರು ಬರೆದರು. ಮಾವ ಅವರಿಗೆ ಕಾಫಿ ಮಾಡಿಸಿಕೊಟ್ಟು, ತೋರಿಸಿದ ಜಾಗದಲ್ಲಿ ಸಹಿ ಹಾಕಿದರು. ಆ ದಿನ ನಾನು ಅಂಗಡಿಯಲ್ಲಿದ್ದೆ. ಊರಿಗೆಲ್ಲ ಅರ್ಜಿ ಬರೆಯುವವಳ ಮನೆಯಲ್ಲೇ ಹೀಗಾಯ್ತು ಅಂತ ಈಗಲೂ ನಗುತ್ತಾರೆ.

ಆಮೇಲೆ ನಕಲು ತೆಗೆಸಿ ನೋಡಿದರೆ, ಆರನೇ ಸಾಲಿನಲ್ಲಿ "ಸರ್ಕಾರಿ ಅರಣ್ಯದಲ್ಲಿದ್ದ ಮರಗಳನ್ನು" ಅಂತ ಇತ್ತು. ಎರಡೇ ಪದ. ನಮ್ಮ ಜಮೀನಿನಲ್ಲಿ ಅನುಮತಿ ಇಲ್ಲದೆ ಮರ ಕಡಿದದ್ದಕ್ಕೂ, ಸರ್ಕಾರಿ ಕಾಡಿನ ಮರ ಕದ್ದದ್ದಕ್ಕೂ ಆಕಾಶ ಭೂಮಿ ವ್ಯತ್ಯಾಸ ಇದೆ ಅಲ್ವಾ? ಮೇಲಾಗಿ ಅರಣ್ಯ ಕಾಯಿದೆಯ 80ನೇ ಕಲಂ ಪ್ರಕಾರ, ತಕರಾರು ಬಂದಾಗ ಅರಣ್ಯ ಉತ್ಪನ್ನ ಸರ್ಕಾರದ್ದು ಅಂತಲೇ ಭಾವಿಸಲಾಗುತ್ತದೆ. ಅಲ್ಲ ಅಂತ ತೋರಿಸುವ ಹೊರೆ ನಮ್ಮ ಮೇಲೆ.

ಹದ್ದುಬಸ್ತಿಗೆ ಅರ್ಜಿ ಹಾಕಿದೆವು. ಸರ್ವೆಯವರು ಬಂದು ಕಲ್ಲು ಗುರುತಿಸಿದಾಗ ಎರಡು ಬುಡಗಳೂ ನಮ್ಮ ಗಡಿಯಿಂದ ಹದಿನಾಲ್ಕು ಅಡಿ ಒಳಗೆ ಬಂದವು. ಆ ನಕ್ಷೆ ಕೈಗೆ ಬಂದ ಮೇಲೆ ಮಾತುಕತೆಯ ಧಾಟಿಯೇ ಬದಲಾಯಿತು. ಅನುಮತಿ ತೆಗೆದುಕೊಳ್ಳದ ತಪ್ಪು ಒಪ್ಪಿಕೊಂಡು ರಾಜಿ ಹಣ ಕಟ್ಟಿ ಮುಗಿಸಿದೆವು. ದಿಮ್ಮಿಗಳು ಮಾತ್ರ ಅಷ್ಟರಲ್ಲಿ ಡಿಪೋದಲ್ಲಿ ಎರಡು ಮಳೆಗಾಲ ನೆನೆದಿದ್ದವು. ಕೊಟ್ಟಿಗೆಗೆ ಕೊನೆಗೆ ಕಬ್ಬಿಣದ ಪೈಪು ಹಾಕಿಸಿದ್ದಾಯ್ತು.

ಹಾಗಾಗಿ ಮಹಜರು ಬರೆಯುವಾಗ ಜೋರಾಗಿ ಓದಿಸಿಕೊಳ್ಳಿ. ನಾಲ್ಕು ವಿಷಯ ನೋಡಿ: ಸರ್ವೆ ನಂಬರ್ ಏನು ಬರೆದಿದ್ದಾರೆ, ಜಾಗ ಯಾರದ್ದು ಅಂತ ಬರೆದಿದ್ದಾರೆ, ಮರದ ಜಾತಿ ಮತ್ತು ಅಳತೆ, ವಶಪಡಿಸಿಕೊಂಡ ಸಾಮಾನಿನ ಪಟ್ಟಿ. ಒಪ್ಪಿಗೆ ಇಲ್ಲದಿದ್ದರೆ ಸಹಿಯ ಮೇಲೆ "ಜಾಗದ ಬಗ್ಗೆ ತಕರಾರು ಇದೆ, ಸರ್ವೆ ಆಗಬೇಕು" ಅಂತ ನಿಮ್ಮ ಕೈಬರಹದಲ್ಲೇ ಬರೆಯಿರಿ. ಗಲಾಟೆ ಬೇಡ, ಅಡ್ಡ ನಿಲ್ಲುವುದಂತೂ ಬೇಡವೇ ಬೇಡ. ಅದು ಇನ್ನೊಂದು ಕೇಸಾಗುತ್ತದೆ. ಬುಡದ ಫೋಟೋ ತೆಗೆಯಿರಿ. ಹಿಂದೆ ಮನೆಯೋ ಬಾವಿಯೋ ಬೇಲಿಯೋ ಕಾಣುವ ಹಾಗೆ ತೆಗೆಯಿರಿ, ಸುಮ್ನೆ ಬುಡ ಒಂದರ ಫೋಟೋ ಯಾವ ಕಾಡಿನದ್ದೂ ಆಗಬಹುದು. ಮಹಜರಿನ ನಕಲು ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಉತ್ತರ ಕೊಡಬೇಕು.

ನಮ್ಮ ಜಮೀನಿನ ಮರ ನಮ್ಮದಲ್ವಾ ಅನ್ನುವವರಿಗೆ

ಮಾಲ್ಕಿ ಜಮೀನಾದರೂ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. 1976ರ ಕಾಯಿದೆಯ 8ನೇ ಕಲಂ ಅದನ್ನೇ ಹೇಳುವುದು. ಕೆಲವು ಜಾತಿಗಳಿಗೆ ವಿನಾಯಿತಿ ಇದೆ: ನೀಲಗಿರಿ, ಗಾಳಿ ಮರ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು, ಅಡಿಕೆ ಈ ಥರದವು. ಮತ್ತಿ, ಹೊನ್ನೆ, ನಂದಿ, ಬೀಟೆ, ಸಾಗುವಾನಿ ಆ ಪಟ್ಟಿಯಲ್ಲಿ ಇಲ್ಲ. ಅನುಮತಿ ಸಿಕ್ಕಿತು ಅಂತ ಕಡಿದು ಲಾರಿಗೆ ಹಾಕುವಂತೆಯೂ ಇಲ್ಲ. ಸಾಗಿಸಲು ರಹದಾರಿ ಬೇಕು, ಅದು 1969ರ ಅರಣ್ಯ ನಿಯಮಗಳ ಮಾತು. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಕಡಿಯುವ ಅನುಮತಿ ಜೇಬಿನಲ್ಲಿದೆ, ರಹದಾರಿ ಇಲ್ಲ, ಚೆಕ್‌ಪೋಸ್ಟಿನಲ್ಲಿ ಮರವೂ ಹೋಯಿತು, ಪಿಕಪ್ಪೂ ಹೋಯಿತು.

ಮಂಜೂರಾದ ಜಮೀನಾದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಓದಿ. ಜಮೀನು ಕೊಟ್ಟರೂ ಮರದ ಹಕ್ಕು ಸರ್ಕಾರದ ಬಳಿಯೇ ಉಳಿಸಿಕೊಂಡ ಆದೇಶಗಳು ಬೇಕಾದಷ್ಟಿವೆ. ಸೊಪ್ಪಿನ ಬೆಟ್ಟದ ವಿಷಯದಲ್ಲಿ ನಮ್ಮ ಅಡಿಕೆ ತೋಟದವರು ಒಂದು ಮಾತು ನೆನಪಿಡಬೇಕು: ತೋಟಕ್ಕೆ ಸೊಪ್ಪು ತರುವ ಸವಲತ್ತು ಬೇರೆ, ಮರ ಉರುಳಿಸುವುದು ಬೇರೆ. ಶ್ರೀಗಂಧದ ನೋಟಿಸ್ ಹಿಡಿದುಕೊಂಡು ಬಂದವರಿಗೆ ನಾನು ಅರ್ಜಿ ಬರೆಯುವುದೇ ಇಲ್ಲ, ನೇರ ವಕೀಲರ ಹತ್ತಿರ ಕಳಿಸುತ್ತೇನೆ. ವನ್ಯಜೀವಿ ಕಾಯಿದೆಯದ್ದಾದರೂ ಅಷ್ಟೇ. 2022ರ ತಿದ್ದುಪಡಿ ಆದ ಮೇಲೆ ಅಲ್ಲಿ ರಾಜಿ ಹಣದ ಮಿತಿಯೇ 25 ಸಾವಿರದಿಂದ 5 ಲಕ್ಷಕ್ಕೆ ಏರಿದೆ.

ವೃಕ್ಷ ಕಾಯಿದೆಯಲ್ಲಿ ಬರೆದ ಜುಲ್ಮಾನೆ ನೋಡಿದರೆ "ಇಷ್ಟೇನಾ" ಅನಿಸುತ್ತದೆ. ಆ ಧೈರ್ಯದಲ್ಲಿ ಇರಬೇಡಿ. ಮಥುರಾ–ವೃಂದಾವನದ ಹತ್ತಿರ ಅನುಮತಿ ಇಲ್ಲದೆ 454 ಮರ ಕಡಿದವರಿಗೆ ಸುಪ್ರೀಂ ಕೋರ್ಟು 2025ರ ಮಾರ್ಚಿನಲ್ಲಿ ಮರಕ್ಕೆ 1 ಲಕ್ಷದ ಲೆಕ್ಕದಲ್ಲಿ ದಂಡ ಒಪ್ಪಿತು. ಅದು ತಾಜ್ ಮಹಲ್ ಸುತ್ತಲಿನ ರಕ್ಷಿತ ವಲಯದ ವಿಚಾರ, ನಮ್ಮ ಹಿತ್ತಲಿನ ಮರಕ್ಕೆ ಹಾಗೇ ಅನ್ವಯ ಆಗುವುದಿಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ಗೊತ್ತಾಗುತ್ತದೆ.

ವಾಹನ ಸಿಕ್ಕಿಬಿದ್ದರೆ ಮಾತ್ರ ತಡ ಮಾಡಲೇಬೇಡಿ. ಅರಣ್ಯ ಕಾಯಿದೆಯ 71ಎ ಕಲಂ ಪ್ರಕಾರ, ಕೋರ್ಟಿನಲ್ಲಿ ಕೇಸು ಮುಗಿಯುವ ತನಕ ಕಾಯದೆ, ಅಧಿಕೃತ ಅಧಿಕಾರಿಯೇ ಗಾಡಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಬಹುದು. ಅದಕ್ಕೆ ಮುಂಚೆ ಕಾರಣ ಕೇಳಿ ನೋಟಿಸ್ ಕೊಡಬೇಕು. "ನನಗೆ ಗೊತ್ತಿಲ್ಲದೆ ಡ್ರೈವರ್ ಮಾಡಿದ" ಅಂದರೆ ಸಾಲದು. ಮಾಲೀಕನಾಗಿ ನೀವು ಏನು ಎಚ್ಚರಿಕೆ ತೆಗೆದುಕೊಂಡಿದ್ದಿರಿ ಅಂತಲೂ ತೋರಿಸಬೇಕು. ಬಾಡಿಗೆ ಪುಸ್ತಕ, ಡ್ರೈವರಿಗೆ ಹೇಳಿದ ಮೆಸೇಜು, ಟ್ರಿಪ್ ಶೀಟು ಏನಿದ್ದರೂ ಲಗತ್ತಿಸಿ. ಆದೇಶ ಕೈಗೆ ಬಂದ 30 ದಿನದೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬೇಕು. ಲಕೋಟೆ ಮತ್ತೆ ನೆನಪಾಯ್ತಾ?

ಈಗಿನ ಹೊಸ ದಂಡ

2024ರ ಏಪ್ರಿಲ್ 1ರ ಮುಂಚೆ ಪರಿಸರ ಕಾಯಿದೆ ಮುರಿದರೆ 5 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ಜುಲ್ಮಾನೆ ಅಂತ ಪುಸ್ತಕದಲ್ಲಿತ್ತು. ಕೋರ್ಟು, ಸಾಕ್ಷಿ, ವರ್ಷಗಟ್ಟಲೆ ಓಡಾಟ. ಜನವಿಶ್ವಾಸ್ ಕಾಯಿದೆ ಬಂದು ಜೈಲನ್ನು ತೆಗೆದು ದಂಡ ಇಟ್ಟಿತು. ಈಗ 15ನೇ ಕಲಂ ಪ್ರಕಾರ ಕಡಿಮೆ ಅಂದರೆ 10 ಸಾವಿರ, ಜಾಸ್ತಿ ಅಂದರೆ 15 ಲಕ್ಷ. ತಪ್ಪು ಮುಂದುವರಿದರೆ ದಿನಕ್ಕೆ 10 ಸಾವಿರ ಹೆಚ್ಚುವರಿ. ವಾಯು ಕಾಯಿದೆಗೂ ಇದೇ ಥರದ ದಂಡ ಬಂದಿದೆ.

"ಜೈಲಿಲ್ಲ ಅಂತಾಯ್ತಲ್ಲ ಅಕ್ಕಾ" ಅಂತ ಒಬ್ಬರು ಖುಷಿಯಾದರು. ಅವರಿಗೆ ಮುಂದಿನ ಸಾಲು ಓದಿ ಹೇಳಿದೆ: ದಂಡ ವಿಧಿಸಿದ 90 ದಿನದೊಳಗೆ ಕಟ್ಟದಿದ್ದರೆ 3 ವರ್ಷದವರೆಗೆ ಜೈಲು, ಅಥವಾ ದಂಡದ ಎರಡು ಪಟ್ಟಿನವರೆಗೆ ಜುಲ್ಮಾನೆ, ಅಥವಾ ಎರಡೂ. ಮುಂದಿನ ಬಾಗಿಲಿನಿಂದ ಹೋದ ಜೈಲು ಹಿತ್ತಲ ಬಾಗಿಲಲ್ಲಿ ಕೂತಿದೆ.

ವಿಚಾರಣೆ ಮಾಡುವವರು ರಾಜ್ಯದಲ್ಲಾದರೆ ಕಾರ್ಯದರ್ಶಿ ದರ್ಜೆಗೆ ಕಮ್ಮಿ ಇಲ್ಲದ ಅಧಿಕಾರಿ, ಕೇಂದ್ರದಲ್ಲಾದರೆ ಜಂಟಿ ಕಾರ್ಯದರ್ಶಿ. ವಿಚಾರಣೆ ಹೇಗೆ ನಡೆಯಬೇಕು ಅಂತ 2024ರ ನವೆಂಬರ್‌ನಲ್ಲಿ ಪ್ರತ್ಯೇಕ ನಿಯಮಗಳೇ ಬಂದಿವೆ. ನೀವೇ ಹಾಜರಾಗಬಹುದು, ವಕೀಲರನ್ನೂ ಕಳಿಸಬಹುದು. 10 ಸಾವಿರಕ್ಕೂ 15 ಲಕ್ಷಕ್ಕೂ ನಡುವೆ ಎಷ್ಟು ಅಂತ ತೀರ್ಮಾನಿಸಲು ಅಧಿಕಾರಿ ನೋಡಬೇಕಾದ ಅಂಶಗಳು ಕಾಯಿದೆಯಲ್ಲೇ ಇವೆ: ಎಷ್ಟು ಜನಕ್ಕೆ, ಎಷ್ಟು ಜಾಗಕ್ಕೆ ತೊಂದರೆ ಆಯ್ತು, ಎಷ್ಟು ಸಲ, ಎಷ್ಟು ಕಾಲ ನಡೆಯಿತು, ತೊಂದರೆಗೆ ಒಳಗಾದವರು ಎಂಥವರು, ಎಷ್ಟು ಹಾನಿ, ನೀವು ಎಷ್ಟು ಲಾಭ ಮಾಡಿಕೊಂಡಿರಿ. ನಿಮ್ಮ ಉತ್ತರವನ್ನು ಇದೇ ಕ್ರಮದಲ್ಲಿ ಬರೆಯಿರಿ. "ನಾನು ಬಡವ, ದಯವಿಟ್ಟು ಕ್ಷಮಿಸಿ" ಅಂತ ಎರಡು ಪುಟ ಬರೆದರೆ ಓದುವವರಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. "ಇದು ಮೊದಲ ಸಲ, ಆರು ದಿನ ನಡೆದಿದೆ, ಸುತ್ತ ಅರ್ಧ ಕಿಲೋಮೀಟರಿನಲ್ಲಿ ಮನೆ ಇಲ್ಲ, ಫೋಟೋ ಲಗತ್ತಿಸಿದೆ" ಅಂದರೆ ಸಿಗುತ್ತದೆ. ನಿಜ ಇದ್ದರೆ ಮಾತ್ರ ಬರೆಯಿರಿ, ಅದು ಬೇರೆ ಮಾತು.

ಪರಿಹಾರದ ಲೆಕ್ಕ: ಎಣಿಕೆ ನಿಲ್ಲುವುದು ಯಾವಾಗ?

ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಇದರಲ್ಲಿ ಕಳೆದುಕೊಂಡವರನ್ನು ಕಣ್ಣಾರೆ ನೋಡಿದ್ದೇನೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಸರ ಪರಿಹಾರಕ್ಕೆ ಒಂದು ಸೂತ್ರ ಮಾಡಿದೆ. ಐದು ಅಂಕಿಗಳನ್ನು ಗುಣಿಸುವುದು. ಮೊದಲನೆಯದು ಘಟಕದ ವರ್ಗ, ಅಂದರೆ ಎಷ್ಟು ಮಾಲಿನ್ಯ ಮಾಡುವಂಥದ್ದು ಅಂತ ನೋಡಿ ಮಂಡಳಿ ಕೊಡುವ ಬಣ್ಣ: ಕೆಂಪು ಆದರೆ 80, ಕಿತ್ತಳೆ ಆದರೆ 50, ಹಸಿರು ಆದರೆ 30. ಎರಡನೆಯದು ದಿನಗಳ ಸಂಖ್ಯೆ. ಮೂರನೆಯದು ಗಾತ್ರ: ಸಣ್ಣದಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5. ನಾಲ್ಕನೆಯದು ಊರಿನ ಜನಸಂಖ್ಯೆ: 10 ಲಕ್ಷಕ್ಕಿಂತ ಕಮ್ಮಿ ಇದ್ದರೆ 1. ಐದನೆಯದು ರೂಪಾಯಿ: 100ರಿಂದ 500ರ ನಡುವೆ, ಸಾಮಾನ್ಯವಾಗಿ 250. ಎಷ್ಟೇ ಕಮ್ಮಿ ಬಂದರೂ ದಿನಕ್ಕೆ 5 ಸಾವಿರಕ್ಕಿಂತ ಇಳಿಯುವಂತಿಲ್ಲ.

ನಮ್ಮ ಕಡೆಯ ಒಬ್ಬರು ಗಾಡಿ ರಿಪೇರಿ ಮಾಡಿ, ತೊಳೆದು, ಬಣ್ಣ ಹೊಡೆಯುವ ಶೆಡ್ ಇಟ್ಟಿದ್ದಾರೆ. ಎಣ್ಣೆ ನೀರು ನೇರ ಚರಂಡಿಗೆ ಹೋಗುತ್ತಿತ್ತು. ತಪಾಸಣೆಗೆ ಬಂದವರು ಬರೆದುಕೊಂಡು ಹೋದರು. ಪುಣ್ಯಾತ್ಮ ಒಂಬತ್ತೇ ದಿನದಲ್ಲಿ ಎಣ್ಣೆ ಬೇರೆಯಾಗುವ ಹಾಗೆ ಮೂರು ಗುಂಡಿಯ ತೊಟ್ಟಿ ಕಟ್ಟಿಸಿದರು. ಕಟ್ಟಿಸಿ, ಸರಿಯಾಯ್ತಲ್ಲ ಅಂತ ಸುಮ್ಮನೆ ಕೂತರು. ಯಾರಿಗೂ ಒಂದು ಕಾಗದ ಬರೆಯಲಿಲ್ಲ. ಮತ್ತೆ ತಪಾಸಣೆಗೆ ಬಂದದ್ದು ನಲವತ್ತನೇ ದಿನ.

ಲೆಕ್ಕ ನೋಡಿ. ಅವರದ್ದು ಕಿತ್ತಳೆ ವರ್ಗದ ಸಣ್ಣ ಘಟಕ. 50 × 0.5 × 1 × 250 ಅಂದರೆ ದಿನಕ್ಕೆ 6,250 ರೂಪಾಯಿ. ಒಂಬತ್ತು ದಿನಕ್ಕೆ 56,250. ನಲವತ್ತು ದಿನಕ್ಕೆ 2,50,000. ಆ ಸೂತ್ರದಲ್ಲಿ ದಿನದ ಎಣಿಕೆ ನಿಲ್ಲುವುದು ನೀವು ಸರಿ ಮಾಡಿದ ದಿನ ಅಲ್ಲ, ಸರಿಯಾಗಿದೆ ಅಂತ ಮಂಡಳಿಯವರು ಖಾತ್ರಿ ಮಾಡಿಕೊಂಡ ದಿನ. ನಡುವಿನ ಮೂವತ್ತೊಂದು ದಿನಕ್ಕೆ ಅವರ ಮೇಲೆ ಬಂದದ್ದು 1,93,750. ಒಂದು ಕಾಗದ ಬರೆಯದ ಬೆಲೆ ಅದು. ಸಿಮೆಂಟಿನ ಬಿಲ್ಲು, ಮೇಸ್ತ್ರಿಗೆ ಕೊಟ್ಟ ಫೋನ್‌ಪೇ ರಸೀದಿ, ತಾರೀಕಿರುವ ಫೋಟೋ ಎಲ್ಲ ಸೇರಿಸಿ ಅವರ ಪರವಾಗಿ ಮನವಿ ಬರೆದಿದ್ದೇನೆ. ಇನ್ನೂ ತೀರ್ಮಾನ ಆಗಿಲ್ಲ.

ನೀವು ಹೀಗೆ ಮಾಡಿ. ಸರಿ ಮಾಡಿದ ದಿನವೇ ಮಂಡಳಿಯ ಪ್ರಾದೇಶಿಕ ಕಚೇರಿಗೆ ಇಮೇಲ್ ಹಾಕಿ, ಅದೇ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ: "ಈ ದಿನ ಲೋಪ ಸರಿಪಡಿಸಿದ್ದೇನೆ, ದಯವಿಟ್ಟು ಸ್ಥಳ ತಪಾಸಣೆ ಮಾಡಿ ಖಾತ್ರಿಪಡಿಸಿಕೊಳ್ಳಿ." ವಾರಕ್ಕೊಮ್ಮೆ ನೆನಪೋಲೆ ಬರೆಯಿರಿ. ಆಮೇಲೂ ಅವರು ತಡವಾಗಿ ಬಂದರೆ, ತಡ ಯಾರದ್ದು ಅಂತ ನಿಮ್ಮ ಕಾಗದಗಳೇ ಹೇಳುತ್ತವೆ.

ಮಂಡಳಿಗೆ ಹೀಗೆ ಪರಿಹಾರ ಕೇಳುವ ಅಧಿಕಾರ ಇದೆಯಾ ಅನ್ನುವ ವಾದ ಬಹಳ ದಿನ ನಡೆಯಿತು. ಇದೆ ಅಂತ ಸುಪ್ರೀಂ ಕೋರ್ಟು 2025ರ ಆಗಸ್ಟ್ 4ರಂದು ಹೇಳಿತು. ಜೊತೆಗೆ, ಪ್ರತಿ ನಿಯಮ ತಪ್ಪಿಗೂ ಪರಿಹಾರ ಕೇಳುವಂತಿಲ್ಲ, ಪರಿಸರಕ್ಕೆ ಹಾನಿ ಆಗಿರಬೇಕು ಅಥವಾ ಆಗುವ ಅಪಾಯ ಇರಬೇಕು ಅಂತಲೂ ಹೇಳಿದೆ. ನಿಮ್ಮದು ಬರೀ ಕಾಗದದ ತಪ್ಪಾಗಿದ್ದರೆ, ಅಂದರೆ ಘಟಕ ನಡೆಸಲು ಮಂಡಳಿ ಕೊಡುವ ಸಮ್ಮತಿ ಪತ್ರ ನವೀಕರಿಸಲು ಹತ್ತು ದಿನ ತಡವಾಗಿದ್ದರೆ, ಈ ಮಾತನ್ನು ಉತ್ತರದಲ್ಲಿ ಮರೆಯದೆ ಬರೆಯಿರಿ.

ಉತ್ತರ ಬರೆಯುವ ಬಗೆ

ನಾನು ಬರೆಯುವುದು ಒಂದೂವರೆ ಪುಟ, ಅದಕ್ಕಿಂತ ಜಾಸ್ತಿ ಇಲ್ಲ. ಶುರು ಯಾವಾಗಲೂ ಹೀಗೆ: "ದಿನಾಂಕ ಇಂಥದ್ದರ ನಿಮ್ಮ ನೋಟಿಸ್ ನನಗೆ ಇಂಥ ದಿನ ತಲುಪಿದೆ. ಲಕೋಟೆಯ ನಕಲು ಲಗತ್ತಿಸಿದೆ." ಆಮೇಲೆ ಆರೋಪದಲ್ಲಿ ಯಾವುದು ನಿಜ, ಯಾವುದು ಅಲ್ಲ ಅಂತ ಬೇರೆ ಬೇರೆ ಸಾಲಿನಲ್ಲಿ. ಎರಡು ಮರ ಕಡಿದು ಹನ್ನೆರಡು ಅಂತ ಬರೆದಿದ್ದರೆ, "ಎರಡು ನಿಜ, ಉಳಿದ ಹತ್ತು ನನ್ನದಲ್ಲ" ಅನ್ನಿ. ಎಲ್ಲವನ್ನೂ ಇಲ್ಲ ಅಂದುಬಿಟ್ಟರೆ ಬುಡ ಕಣ್ಣೆದುರು ಇರುವಾಗ ನಿಮ್ಮ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ. ಕೊನೆಗೆ ಕೇಳಬೇಕಾದ ದಾಖಲೆಗಳು, ಮತ್ತು "ಖುದ್ದು ವಿಚಾರಣೆಗೆ ಅವಕಾಶ ಕೊಡಿ" ಅನ್ನುವ ಸಾಲು. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಟಪಾಲಿನವರ ಸೀಲು ಹಾಕಿಸಿಕೊಂಡೇ ವಾಪಸು ಬನ್ನಿ. ಟಪಾಲಿನವರು ಊಟಕ್ಕೆ ಹೋಗಿದ್ದಾರೆ ಅಂದರೆ ಕಾಯಿರಿ.

ದುಡ್ಡು ಕಟ್ಟುವುದಾದರೆ ಚಲನ್ ಅಥವಾ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ರಸೀದಿಯಲ್ಲಿ ಕೇಸಿನ ನಂಬರ್, ಕಲಂ ಇರಲಿ. ರಾಜಿಯಾದರೆ ರಾಜಿ ಆದೇಶದ ನಕಲು ಬೇಕೇ ಬೇಕು, ಬರೀ ರಸೀದಿ ಸಾಲದು. ಆರು ವರ್ಷ ಆದ ಮೇಲೆ ಅದೇ ಕೇಸಿನ ಸಮನ್ಸ್ ಬಂದ ಮನೆ ನನಗೆ ಗೊತ್ತು.

ಪರಿಸರ ಕಾಯಿದೆಯ ದಂಡದ ಆದೇಶ ಒಪ್ಪಿಗೆ ಇಲ್ಲದಿದ್ದರೆ, ಆದೇಶದ ಪ್ರತಿ ಸಿಕ್ಕಿದ 60 ದಿನದೊಳಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ದಂಡದ ಶೇಕಡ 10ರಷ್ಟನ್ನು ಅಲ್ಲಿ ಠೇವಣಿ ಇಡಬೇಕು. ನಮಗೆ ಸಂಬಂಧಪಟ್ಟ ಪೀಠ ಇರುವುದು ಚೆನ್ನೈನಲ್ಲಿ. ಅಲ್ಲಿಗೆ ನನ್ನ ಮೇಜಿನ ಅರ್ಜಿ ಸಾಕಾಗುವುದಿಲ್ಲ, ವಕೀಲರನ್ನು ಹಿಡಿಯಿರಿ.

ನನ್ನ ಹತ್ತಿರ ಬರುವುದಾದರೆ ನೋಟಿಸ್, ಅದರ ಲಕೋಟೆ, ಈ ವರ್ಷದ ಪಹಣಿ, ಮಂಜೂರಾತಿ ಆದೇಶ ಇದ್ದರೆ ಅದು, ಮಹಜರಿನ ನಕಲು, ಫೋಟೋಗಳು ತನ್ನಿ. ಫೋಟೋಗಳನ್ನು ಪ್ರಿಂಟ್ ಹಾಕಿಸಿಯೇ ತನ್ನಿ, ನನ್ನ ಪ್ರಿಂಟರಿನಲ್ಲಿ ಬಣ್ಣ ಬರುವುದಿಲ್ಲ. ಬುಧವಾರ ಸಂತೆ, ಅವತ್ತು ಮಾತ್ರ ಬೇಡ.